ಲೋಹವಸ್ತುಗಳ ದುರಸ್ತಿ ಮತ್ತು ಮರುಲೇಪನ: ವಿಧಾನಗಳು ಹಾಗೂ ಕನ್ನಡದ ಕ್ರಿಯಾವಾಚಕಗಳು

ಪೀಠಿಕೆ

ಲೋಹದಿಂದ ಮಾಡಿದ ಯಾವ ವಸ್ತುವೂ ಬಳಕೆಯಲ್ಲಿರುವಷ್ಟು ಕಾಲ ಸವೆಯುತ್ತಲೇ ಇರುತ್ತದೆ. ನೇಗಿಲ ಕುಳದ ಮೊನೆ ಮಣ್ಣಿನ ಉಜ್ಜಾಟಕ್ಕೆ ತೇಯುತ್ತದೆ. ಕುಡುಗೋಲಿನ ಬಾಯಿ ಮೊಂಡಾಗುತ್ತದೆ. ಗಾಡಿಯ ಚಕ್ರದ ಹಳಿ ಸಡಿಲವಾಗುತ್ತದೆ. ಹಿತ್ತಾಳೆ ತಪ್ಪಲೆಯ ಒಳಮೈಯ ಕಲಾಯಿ ಹೋಗುತ್ತದೆ. ಹೀಗೆ ಸವೆದುದನ್ನು ಎಸೆಯದೆ ಮತ್ತೆ ಬಳಕೆಗೆ ತರುವ ವಿಧಾನಗಳು ನಮ್ಮ ಗ್ರಾಮಗಳಲ್ಲಿ ದೀರ್ಘಕಾಲದಿಂದ ರೂಢಿಯಲ್ಲಿದ್ದವು. ಆಯದ ಪದ್ಧತಿ ಇದ್ದ ಹಲವೆಡೆ ಹೊಸ ಉಪಕರಣಕ್ಕೆ ಪ್ರತ್ಯೇಕ ಕೂಲಿಯಿದ್ದರೆ, ಹಳೆಯದನ್ನು ಸರಿಪಡಿಸುವ ಕೆಲಸವು ಸುಗ್ಗಿಯಲ್ಲಿ ಅಳೆಯುತ್ತಿದ್ದ ಕಾಳಿನ ಲೆಕ್ಕಕ್ಕೆ ಸೇರುತ್ತಿತ್ತು. ದುರಸ್ತಿಯೆಂಬುದು ಅಪರೂಪದ ಕಾರ್ಯವಾಗಿರದೆ ವರ್ಷದ ದುಡಿಮೆಯ ಸಹಜ ಭಾಗವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ವೃತ್ತಿಪದಗಳ ಸಂಗ್ರಹಕಾರ್ಯವು ದಕ್ಷಿಣ ಭಾರತದ ಭಾಷೆಗಳಲ್ಲಿ ಗಂಭೀರವಾಗಿ ನಡೆದಿದೆ. ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನಲ್ಲಿ ಸಿದ್ಧಪಡಿಸಿದ ಮಾಂಡಲಿಕ ವೃತ್ತಿ ಪದಕೋಶದ ಬೇಸಾಯ ಸಂಪುಟ 1962ರಲ್ಲಿಯೇ ಪ್ರಕಟವಾಯಿತು. ಕನ್ನಡದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ಸಾಗಿದೆ. ಆದರೆ ಇಂತಹ ಸಂಗ್ರಹಗಳಲ್ಲಿ ಉಪಕರಣ ಮತ್ತು ಕಚ್ಚಾವಸ್ತುಗಳ ಹೆಸರುಗಳಿಗೆ, ಅಂದರೆ ನಾಮಪದಗಳಿಗೆ, ಸಹಜವಾಗಿಯೇ ಹೆಚ್ಚಿನ ಸ್ಥಾನ ದೊರೆಯುತ್ತದೆ. ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ ಎಂದು ಪಟ್ಟಿ ಮಾಡುವುದು ಸುಲಭ. ಅವುಗಳಿಂದ ನಡೆಯುವ ಕ್ರಿಯೆಯನ್ನು ಹೇಳುವ ಪದಗಳನ್ನು ಗುರುತಿಸುವುದು ಕಷ್ಟ. ಏಕೆಂದರೆ ಅವು ಹಾಕು, ಹಿಡಿ, ಕೊಡು, ತೆಗೆ ಎಂಬಂತಹ ದಿನಬಳಕೆಯ ಧಾತುಗಳೇ ಆಗಿದ್ದು ಪಾರಿಭಾಷಿಕವೆಂದು ಮೇಲ್ನೋಟಕ್ಕೆ ತೋರುವುದಿಲ್ಲ. ಲೋಹದ ದುರಸ್ತಿಯ ಮುಖ್ಯ ವಿಧಾನಗಳನ್ನು ವಿವರಿಸುತ್ತ, ಪ್ರತಿಯೊಂದು ವಿಧಾನದ ತಿಳಿವಳಿಕೆಯು ಅದರ ಕ್ರಿಯಾಪದದಲ್ಲಿ ಹೇಗೆ ಅಡಕವಾಗಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಇರುವ ಲೋಹವನ್ನೇ ಸರಿಪಡಿಸುವುದು

ದುರಸ್ತಿಯ ಅತ್ಯಂತ ಸರಳ ವಿಧಾನದಲ್ಲಿ ಹೊಸ ಲೋಹವನ್ನು ಸೇರಿಸುವುದಿಲ್ಲ. ಕುಳ, ಗುಳ, ಕುಡ ಎಂದು ಪ್ರದೇಶಕ್ಕೆ ತಕ್ಕಂತೆ ರೂಪ ಬದಲಿಸುವ ನೇಗಿಲ ಮೊನೆ ಮೊಂಡಾದಾಗ ರೈತನು ಅದನ್ನು ಕುಲುಮೆಗೆ ಒಯ್ದು ‘ಹಣಿಸು’ತ್ತಾನೆ. ಹಣಿ ಎಂದರೆ ಕೇವಲ ಬಡಿಯುವುದಲ್ಲ. ಕಾಯಿಸಿದ ಲೋಹವನ್ನು ಬಡಿದು, ದಪ್ಪವಾಗಿರುವ ಭಾಗದಿಂದ ತೆಳುವಾದ ಭಾಗದ ಕಡೆಗೆ ಸರಿಸಿ, ಮೊನೆಯನ್ನು ನೀಳಗೊಳಿಸುವುದು ಇಲ್ಲಿನ ಅರ್ಥ. ಸಾಣೆ ಹಿಡಿದರೆ ಲೋಹ ನಷ್ಟವಾಗಿ ಹರಿತ ಬರುತ್ತದೆ. ಹಣಿದರೆ ಲೋಹ ಸ್ಥಳಾಂತರವಾಗಿ ಹರಿತ ಬರುತ್ತದೆ. ಎರಡರ ಫಲವೂ ಹರಿತವೇ ಆದರೂ ಉಪಕರಣದ ಆಯುಷ್ಯದ ದೃಷ್ಟಿಯಿಂದ ವ್ಯತ್ಯಾಸ ದೊಡ್ಡದು. ‘ಹರಿತಗೊಳಿಸುವುದು’ ಎಂಬ ಸಾಮಾನ್ಯ ವಿವರಣೆಯಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ.

ಹಣಿದ ಬಳಿಕ ಉಕ್ಕಿನ ಬಾಯಿಗೆ ಹದ ಕೊಡಬೇಕಾಗುತ್ತದೆ. ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲಿ ಅದ್ದಿದಾಗ ಅದು ಗಡುಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಆದ್ದರಿಂದ ಅದನ್ನು ಮತ್ತೆ ಮಿತವಾಗಿ ಕಾಯಿಸಿ ಪೆಡಸುತನವನ್ನು ತಗ್ಗಿಸಬೇಕು. ಆಗ ಉಜ್ಜಿದ ಮೇಲ್ಮೈಯ ಮೇಲೆ ಬಣ್ಣಗಳು ಮೂಡುತ್ತವೆ: ಸುಮಾರು 230 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹುಲ್ಲಿನ ಹಳದಿ, 300 ಡಿಗ್ರಿಯ ಸಮೀಪದಲ್ಲಿ ನೀಲಿ. ಉಷ್ಣತಾಮಾಪಕವಿಲ್ಲದ ಕುಲುಮೆಯಲ್ಲಿ ಈ ಬಣ್ಣವೇ ಅಳತೆಗೋಲು. ಅಡುಗೆಗೂ ಮಣ್ಣಿಗೂ ಲೋಹಕ್ಕೂ ಕನ್ನಡವು ‘ಹದ’ ಎಂಬ ಒಂದೇ ಪದವನ್ನು ಬಳಸುತ್ತದೆ. ಎರಡು ಅತಿಗಳ ನಡುವಿನ, ಕಣ್ಣು ಮತ್ತು ಕೈಗಳಿಂದ ಅರಿಯಬೇಕಾದ ಸ್ಥಿತಿ ಎಂಬ ಅರ್ಥ ಈ ಮೂರರಲ್ಲಿಯೂ ಸಮಾನ.

ಕುಡುಗೋಲಿನ ವಿಷಯದಲ್ಲಿ ಇನ್ನೊಂದು ಕ್ರಿಯೆಯುಂಟು. ಅದರ ಬಾಯಿಗೆ ಉಳಿಯಿಂದ ಸಣ್ಣ ಹಲ್ಲುಗಳನ್ನು ಮೂಡಿಸುವುದನ್ನು ‘ಕಕ್ಕು ಹಾಕುವುದು’ ಎನ್ನುತ್ತಾರೆ. ಬೀಸುವ ಕಲ್ಲು ನುಣುಪಾದಾಗ ಅದನ್ನು ಒರಟುಗೊಳಿಸುವುದಕ್ಕೂ ಇದೇ ಮಾತು ಬಳಕೆಯಲ್ಲಿದೆ. ನುಣುಪಾಗುವುದೂ ಒಂದು ಬಗೆಯ ಸವೆತವೆಂಬ, ಒರಟುತನವನ್ನು ಮರಳಿಸುವುದೂ ದುರಸ್ತಿಯೆಂಬ ತಿಳಿವಳಿಕೆ ಈ ಪದದಲ್ಲಿದೆ. ಮುಂದೆ ಕಾರ್ಖಾನೆಯ ವಿಧಾನಗಳನ್ನು ವಿವರಿಸುವಾಗ ಈ ಅಂಶವನ್ನು ಮತ್ತೆ ಪ್ರಸ್ತಾಪಿಸಲಾಗುವುದು.

2. ಬೆಸುಗೆ: ಒಂದು ಪದ, ಮೂರು ಕ್ರಿಯೆಗಳು

ಸವೆತ ಹೆಚ್ಚಾಗಿ, ಸರಿಸಲು ಲೋಹವೇ ಉಳಿಯದಿದ್ದಾಗ ಹೊಸ ಲೋಹವನ್ನು ಸೇರಿಸಬೇಕಾಗುತ್ತದೆ. ಇದಕ್ಕೆ ಕನ್ನಡದಲ್ಲಿರುವ ಧಾತು ‘ಬೆಸೆ’. ಮನಸ್ಸು ಬೆಸೆಯುವುದು, ಸಂಬಂಧ ಬೆಸೆಯುವುದು ಎಂಬ ಲಾಕ್ಷಣಿಕ ಪ್ರಯೋಗಗಳು ಇಂದು ಮೂಲ ಅರ್ಥಕ್ಕಿಂತ ಹೆಚ್ಚು ಪರಿಚಿತವಾಗಿವೆ.

ಕುಲುಮೆಯ ಬೆಸುಗೆಯಲ್ಲಿ ಎರಡು ಕಬ್ಬಿಣದ ತುಂಡುಗಳನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿಯಲಾಗುತ್ತದೆ. ಇಲ್ಲಿ ಲೋಹ ಕರಗುವುದಿಲ್ಲ. ಮೆದುವಾದ ಮೈಗಳು ಒತ್ತಡದಿಂದ ಒಂದಾಗುತ್ತವೆ. ಬಿಸಿ ಕಬ್ಬಿಣದ ಮೇಲೆ ಹುಟ್ಟುವ ಕಪ್ಪು ಪೊರೆ ಇದಕ್ಕೆ ಮುಖ್ಯ ಅಡ್ಡಿ. ಮರಳನ್ನು ಉದುರಿಸಿದಾಗ ಅದು ಪೊರೆಯೊಡನೆ ಸೇರಿ ಗಾಜಿನಂತೆ ಕರಗುತ್ತದೆ ಮತ್ತು ಸುತ್ತಿಗೆಯ ಪೆಟ್ಟಿಗೆ ಹೊರಗೆ ಚಿಮ್ಮಿಹೋಗುತ್ತದೆ. ಎರಡನೆಯದು ಅಕ್ಕಸಾಲಿಗರ ಮತ್ತು ಕಂಚುಗಾರರ ಬೆಸುಗೆ. ಇದರಲ್ಲಿ ಮೂಲಲೋಹಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹವನ್ನು ಸಂದಿಯೊಳಗೆ ಹರಿಯಬಿಡುತ್ತಾರೆ. ಮೈಯನ್ನು ಶುದ್ಧವಾಗಿಡಲು ಬಿಳಿಗಾರವನ್ನು ಬಳಸುತ್ತಾರೆ. ಮೂರನೆಯದು ತವರ ಮತ್ತು ಸೀಸದ ಬೆಸುಗೆ. ತವರ 232 ಡಿಗ್ರಿಯಲ್ಲಿ, ಸೀಸ 327 ಡಿಗ್ರಿಯಲ್ಲಿ ಕರಗುತ್ತವೆ. ಆದರೆ ಸುಮಾರು 62 ಭಾಗ ತವರಕ್ಕೆ 38 ಭಾಗ ಸೀಸ ಬೆರೆತ ಮಿಶ್ರಣವು ಅವೆರಡಕ್ಕಿಂತಲೂ ಕಡಿಮೆಯಾದ 183 ಡಿಗ್ರಿಯಲ್ಲಿಯೇ ಕರಗುತ್ತದೆ.

ಈ ಮೂರೂ ಭಿನ್ನ ಕ್ರಿಯೆಗಳಾದರೂ ಕನ್ನಡದಲ್ಲಿ ಇವುಗಳಿಗೆ ‘ಬೆಸುಗೆ’ ಎಂಬ ಒಂದೇ ನಾಮಪದವಿದೆ. ಇಂಗ್ಲಿಷಿನಿಂದ ಬಂದ ವೆಲ್ಡಿಂಗ್, ಬ್ರೇಜಿಂಗ್, ಸೋಲ್ಡರಿಂಗ್ ಎಂಬ ಮೂರು ಪದಗಳು ಬೇರೂರಿದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹಾಗೆಂದು ಕನ್ನಡ ಕುಶಲಕರ್ಮಿಗೆ ಈ ಭೇದ ತಿಳಿದಿರಲಿಲ್ಲವೆಂದು ಭಾವಿಸುವಂತಿಲ್ಲ. ಮರಳು ಉದುರಿಸುವುದು, ಬಿಳಿಗಾರ ಹಚ್ಚುವುದು, ನವಸಾಗರ ಉಜ್ಜುವುದು ಎಂಬ ಪೂರ್ವಕ್ರಿಯೆಯ ಮಾತುಗಳಲ್ಲಿ ಆ ಭೇದ ಸ್ಪಷ್ಟವಾಗಿದೆ. ಕ್ಷೇತ್ರಕಾರ್ಯದಲ್ಲಿ ‘ಇದಕ್ಕೆ ಏನೆನ್ನುತ್ತೀರಿ’ ಎಂದು ಕೇಳಿದರೆ ಬೆಸುಗೆ ಎಂಬ ಒಂದೇ ಉತ್ತರ ದೊರೆಯುತ್ತದೆ. ‘ಬೆಸೆಯುವ ಮೊದಲು ಏನು ಮಾಡುತ್ತೀರಿ’ ಎಂದು ಕೇಳಿದರೆ ಮೂರು ಉತ್ತರಗಳು ದೊರೆಯುತ್ತವೆ.

ಗಾಡಿಯ ಚಕ್ರಕ್ಕೆ ಹಳಿ ಹಾಕುವುದರಲ್ಲಿ ಬೆಸುಗೆ ಮತ್ತು ಹಿಗ್ಗುವಿಕೆ ಎರಡೂ ಕೂಡಿವೆ. ಸಡಿಲವಾದ ಹಳಿಯನ್ನು ಕತ್ತರಿಸಿ, ತುಸು ಕಿರಿದುಮಾಡಿ ಬೆಸೆದು, ಬೆಂಕಿಯಲ್ಲಿ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರೆರೆಯುತ್ತಾರೆ. ನಾಲ್ಕು ಮೀಟರ್ ಸುತ್ತಳತೆಯ ಕಬ್ಬಿಣದ ಪಟ್ಟಿಯ ಉಷ್ಣತೆ 500 ಡಿಗ್ರಿಗಳಷ್ಟು ಏರಿದರೆ ಅದು ಸುಮಾರು 2.4 ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ತಣಿಯುವಾಗ ಅಷ್ಟೇ ಕುಗ್ಗಿ ಮರದ ಭಾಗಗಳನ್ನೆಲ್ಲ ಬಿಗಿಯುತ್ತದೆ. ಇಂದಿನ ಕಾರ್ಖಾನೆಗಳಲ್ಲಿ ಸವೆದ ರಂಧ್ರಗಳಿಗೆ ಹೊಸ ಒಳಕೊಳವೆಯನ್ನು ಬಿಗಿಯಾಗಿ ಕೂರಿಸುವಲ್ಲಿಯೂ ಇದೇ ತತ್ತ್ವ ಅನ್ವಯವಾಗುತ್ತದೆ.

3. ಕಲಾಯಿ: ಹಾಕುವುದು ಮತ್ತು ಹಿಡಿಯುವುದು

ಒಂದು ಲೋಹದ ಮೈಗೆ ಇನ್ನೊಂದು ಲೋಹದ ರಕ್ಷಣೆ ಕೊಡುವ ವಿಧಾನಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರವಾದುದು ಕಲಾಯಿ. ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿ, ಮಜ್ಜಿಗೆ ಮೊದಲಾದ ಹುಳಿಪದಾರ್ಥಗಳಿದ್ದರೆ ತಾಮ್ರ ಕರಗಿ ಆಹಾರ ಕೆಡುತ್ತದೆ, ಆರೋಗ್ಯಕ್ಕೂ ಹಾನಿಯಾಗುತ್ತದೆ. ಇದನ್ನು ತಡೆಯಲು ಒಳಮೈಗೆ ತವರದ ಪದರವನ್ನು ಕೊಡಲಾಗುತ್ತದೆ. ತವರ ಎಂಬ ಪದ ತಮಿಳಿನ ತಗರಂ, ತೆಲುಗಿನ ತಗರಮು ಎಂಬುವುಗಳೊಂದಿಗೆ ಸಂಬಂಧವುಳ್ಳದ್ದು. ಕಲಾಯಿ ಎಂಬುದು ತವರವನ್ನೇ ಸೂಚಿಸುವ ಅರಬ್ಬಿ ಪದದಿಂದ ಬಂದಿದ್ದು, ಅದಕ್ಕೂ ಮಲಯ ದ್ವೀಪಕಲ್ಪದ ಪ್ರಾಚೀನ ಬಂದರೊಂದರ ಹೆಸರಿಗೂ ಸಂಬಂಧವಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಕನ್ನಡದಲ್ಲಿ ಲೋಹದ ಹೆಸರು ದ್ರಾವಿಡ ಪದವಾಗಿ ಉಳಿದು, ಅದರಿಂದ ನಡೆಯುವ ಕೆಲಸದ ಹೆಸರು ಅನ್ಯದೇಶ್ಯವಾಗಿರುವುದು ಗಮನಾರ್ಹ.

ಕೆಲಸ ಆರಂಭವಾಗುವುದು ಪಾತ್ರೆಯನ್ನು ಬೆಳಗುವುದರಿಂದ. ಹುಣಸೆಹಣ್ಣು ಮತ್ತು ಮರಳು ಹಾಕಿ ಕಿಲುಬು ಹೋಗುವವರೆಗೆ ಉಜ್ಜುತ್ತಾರೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು ಎಂಬ ಭೇದವನ್ನು ಆಡುನುಡಿ ಎಚ್ಚರದಿಂದ ಕಾಯ್ದುಕೊಂಡಿದೆ. ಅನಂತರ ಪಾತ್ರೆಯನ್ನು ಇದ್ದಲಿನ ಬೆಂಕಿಯ ಮೇಲಿಟ್ಟು, ತಿದಿಯೊತ್ತಿ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ ಬಟ್ಟೆ ಅಥವಾ ಹತ್ತಿಯಿಂದ ಉಜ್ಜುತ್ತಾರೆ. ಮೂಗಿಗೆ ಅಡರುವ ಬಿಳಿಯ ಹೊಗೆ ಏಳುತ್ತದೆ. ನವಸಾಗರವು ಶಾಖಕ್ಕೆ ವಿಭಜನೆಗೊಂಡು, ಅದರಿಂದ ಹೊರಬರುವ ಆಮ್ಲವು ಬಿಸಿ ತಾಮ್ರದ ಮೇಲಿನ ಆಕ್ಸೈಡ್ ಪೊರೆಯನ್ನು ತೆಗೆದುಹಾಕುತ್ತದೆ. ಹೀಗೆ ಬರಿದಾದ ಲೋಹಕ್ಕೆ ತವರದ ಕಡ್ಡಿಯನ್ನು ಮುಟ್ಟಿಸಿದರೆ ಅದು ಕರಗಿ ಹರಿಯುತ್ತದೆ. ಅದನ್ನು ಬಟ್ಟೆಯಿಂದ ಒಳಮೈಗೆಲ್ಲ ಹರಡಿ, ಪಾತ್ರೆಯನ್ನು ತಣ್ಣೀರಿನಲ್ಲಿ ಅದ್ದುತ್ತಾರೆ.

ಈ ಕ್ರಿಯೆಯ ತಿರುಳನ್ನು ಸೂಚಿಸುವುದು ‘ಹಾಕು’ ಎಂಬ ಪದವಲ್ಲ, ‘ಹಿಡಿ’ ಎಂಬ ಪದ. ಕಲಾಯಿಗಾರನು ಕಲಾಯಿ ಹಾಕುತ್ತಾನೆ. ಆದರೆ ಕಲಾಯಿ ‘ಹಿಡಿಯುತ್ತದೆ’ ಅಥವಾ ‘ಹಿಡಿಯುವುದಿಲ್ಲ’. ಮೊದಲನೆಯ ವಾಕ್ಯದ ಕರ್ತೃ ಮನುಷ್ಯ, ಎರಡನೆಯದರ ಕರ್ತೃ ಲೋಹ. ಕರಗಿದ ತವರ ಮತ್ತು ತಾಮ್ರ ಸೇರುವಲ್ಲಿ ಎರಡೂ ಲೋಹಗಳ ಪರಮಾಣುಗಳು ಬೆರೆತು ತಾಮ್ರ-ತವರಗಳ ಸಂಯುಕ್ತದ ಅತಿ ತೆಳುವಾದ ಪದರವೊಂದು ಉಂಟಾಗುತ್ತದೆಂದು ಲೋಹಶಾಸ್ತ್ರ ವಿವರಿಸುತ್ತದೆ. ಈ ಪದರವೇ ತವರವನ್ನು ತಾಮ್ರಕ್ಕೆ ಬಂಧಿಸುತ್ತದೆ. ಕಿಲುಬು ಅಥವಾ ಜಿಡ್ಡು ಉಳಿದ ಕಡೆ ಈ ಪದರ ಮೂಡುವುದಿಲ್ಲ, ತವರ ಹನಿಹನಿಯಾಗಿ ಜಾರುತ್ತದೆ. ತುಕ್ಕು ಹಿಡಿ, ಬಣ್ಣ ಹಿಡಿ, ಬೇರು ಹಿಡಿ ಎಂಬ ಪ್ರಯೋಗಗಳಂತೆ ಇಲ್ಲಿಯೂ ‘ಹಿಡಿ’ ಎಂಬುದು ವಸ್ತುವೊಂದು ತನ್ನ ಗುಣದಿಂದಲೇ ಇನ್ನೊಂದರೊಡನೆ ಕೂಡುವುದನ್ನು ಹೇಳುತ್ತದೆ. ‘ತವರದ ಲೇಪನ’ ಎಂದು ಅರ್ಥ ಬರೆದ ನಿಘಂಟುಕಾರನು ತಪ್ಪು ಬರೆದಂತಾಗುವುದಿಲ್ಲ. ಆದರೆ ಕೆಲಸದ ಯಶಸ್ಸು ಯಾವುದನ್ನು ಅವಲಂಬಿಸಿದೆಯೋ ಅದನ್ನು ಬಿಟ್ಟಂತಾಗುತ್ತದೆ.

ಕಲಾಯಿಯ ಜ್ಞಾನಕ್ಕೆ ಆರೋಗ್ಯದ ಇನ್ನೊಂದು ಮುಖವೂ ಇದೆ. ತವರಕ್ಕಿಂತ ಸೀಸ ಅಗ್ಗ. ಅದನ್ನು ಬೆರೆಸಿದರೆ ಪಾತ್ರೆ ತಕ್ಷಣಕ್ಕೆ ಚೆನ್ನಾಗಿಯೇ ಹೊಳೆಯುತ್ತದೆ. ಆದರೆ ಸೀಸವು ದೇಹದಲ್ಲಿ ಸಂಚಯವಾಗುವ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರಿಂದ ವಿಶೇಷ ಹಾನಿಯುಂಟು. ಶುದ್ಧ ತವರದ ಕಡ್ಡಿಯನ್ನು ಬಾಗಿಸಿದರೆ ಕಿರುಗುಟ್ಟುವ ಸದ್ದು ಬರುತ್ತದೆ, ಸೀಸ ಸದ್ದಿಲ್ಲದೆ ಬಾಗುತ್ತದೆ. ಸೀಸದಿಂದ ಕಾಗದದ ಮೇಲೆ ಗೀಚಿದರೆ ಬೂದುಬಣ್ಣದ ಗೆರೆ ಮೂಡುತ್ತದೆ. ಇಂತಹ ಪರೀಕ್ಷೆಗಳು ಸ್ಥೂಲವಾದವು, ಅಲ್ಪ ಪ್ರಮಾಣದ ಬೆರಕೆಯನ್ನು ಅವು ಪತ್ತೆಹಚ್ಚಲಾರವು. ಆದರೂ ಕಡ್ಡಿಯನ್ನು ಬಾಗಿಸಿ ಕೇಳುವ ತಿಳಿವಳಿಕೆ ವೃತ್ತಿಯೊಂದಿಗೇ ಕಳೆದುಹೋದರೆ, ತಾಮ್ರದ ಪಾತ್ರೆಗಳು ಮತ್ತೆ ಬಳಕೆಗೆ ಬರುತ್ತಿರುವ ಇಂದಿನ ದಿನಗಳಲ್ಲಿ ಕೊಳ್ಳುವವರ ಕೈಯಲ್ಲಿ ಹೊಳಪೊಂದೇ ಅಳತೆಯಾಗಿ ಉಳಿಯುತ್ತದೆ.

4. ಬಿದರಿ: ಮೈಯನ್ನೇ ಬದಲಿಸುವುದು

ಮೇಲ್ಮೈಯನ್ನು ಸರಿಪಡಿಸಲು ಯಾವಾಗಲೂ ಹೊರಗಿನಿಂದ ಲೋಹ ಸೇರಿಸಬೇಕೆಂದಿಲ್ಲ ಎಂಬುದಕ್ಕೆ ಬೀದರಿನ ಬಿದರಿ ಕಲೆ ನಿದರ್ಶನ. ಬಿದರಿ ವಸ್ತುವಿನ ಮೂಲದ್ರವ್ಯ ಸತು. ಅದರಲ್ಲಿ ತಾಮ್ರದ ಪ್ರಮಾಣ ಅಲ್ಪ. ಎರಕ ಹೊಯ್ದ ವಸ್ತುವಿನ ಮೇಲೆ ಚಿತ್ತಾರ ಕೊರೆದು ಬೆಳ್ಳಿಯನ್ನು ಕೂರಿಸಿದ ನಂತರ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಅದನ್ನು ಸಂಸ್ಕರಿಸುತ್ತಾರೆ. ಮೇಲ್ಪದರದ ಸತು ಕರಗಿ, ಉಳಿದ ತಾಮ್ರದ ಅಂಶ ಗಾಢವಾದ ಕಪ್ಪು ಪೊರೆಯಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಬಳಕೆಯಿಂದ ಕಪ್ಪು ಮಾಸಿದ ಹಳೆಯ ವಸ್ತುವನ್ನು ಮತ್ತೆ ಇದೇ ಕ್ರಿಯೆಗೆ ಒಳಪಡಿಸಿ ಮೊದಲಿನ ರೂಪಕ್ಕೆ ತರಬಹುದು.

ನವಸಾಗರವು ಕಲಾಯಿಯಲ್ಲಿ ಪೊರೆಯನ್ನು ತೆಗೆಯುತ್ತದೆ, ಬಿದರಿಯಲ್ಲಿ ಪೊರೆಯನ್ನು ಮೂಡಿಸುತ್ತದೆ. ಪದಕೋಶದಲ್ಲಿ ‘ನವಸಾಗರ: ಲೋಹದ ಕೆಲಸದಲ್ಲಿ ಬಳಸುವ ಲವಣ’ ಎಂದಷ್ಟೇ ಬರೆದರೆ ಈ ವೈರುಧ್ಯ ಕಾಣಿಸುವುದಿಲ್ಲ. ನಾಮಪದ ಒಂದೇ ಆದರೂ ಅದರೊಡನೆ ಬರುವ ಕ್ರಿಯೆಯೇ ವೃತ್ತಿಯನ್ನು ನಿರ್ಣಯಿಸುತ್ತದೆ.

5. ಕಾರ್ಖಾನೆಯ ವಿಧಾನಗಳು ಮತ್ತು ‘ಲೇಪನ’ದ ಸಮಸ್ಯೆ

ಕೈಗಾರಿಕೆಯ ಯುಗದಲ್ಲಿ ಮರುಲೇಪನದ ಹೊಸ ವಿಧಾನಗಳು ಬಂದವು. ಇಟಲಿಯ ಲೂಯಿಜಿ ಬ್ರುನ್ಯಾಟೆಲ್ಲಿ 1805ರಲ್ಲಿ ವಿದ್ಯುತ್ತಿನ ನೆರವಿನಿಂದ ಚಿನ್ನದ ಪದರ ಕೂರಿಸಿದನು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ಬೆಳ್ಳಿ ಚಿನ್ನಗಳ ವಿದ್ಯುಲ್ಲೇಪನಕ್ಕೆ ಹಕ್ಕುಪತ್ರ ಪಡೆದ ಬಳಿಕ ಅದು ಉದ್ಯಮವಾಯಿತು. ಲವಣದ ದ್ರಾವಣದಲ್ಲಿ ವಸ್ತುವನ್ನು ಇಳಿಬಿಟ್ಟು ವಿದ್ಯುತ್ ಹರಿಸಿದಾಗ ಲೋಹ ಪರಮಾಣು ಪರಮಾಣುವಾಗಿ ಅದರ ಮೇಲೆ ಕೂರುತ್ತದೆ. ಜೆಸಿಬಿಯಂತಹ ಯಂತ್ರಗಳ ತೋಳನ್ನು ಎತ್ತುವ ಉಕ್ಕಿನ ದಂಡಗಳು ಸವೆದಾಗ ಕ್ರೋಮಿಯಂ ಪದರ ಕೂರಿಸಿ, ತೇಯ್ದು, ಮೂಲ ಅಳತೆಗೆ ತರುವುದು ಈ ವಿಧಾನದಿಂದಲೇ. ಆದರೆ ಇದರಲ್ಲಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಸಂಯುಕ್ತಗಳು ಕ್ಯಾನ್ಸರ್‌ಕಾರಕಗಳೆಂದು ಸಿದ್ಧಪಟ್ಟಿರುವುದರಿಂದ ಪರ್ಯಾಯ ವಿಧಾನಗಳಿಗೆ ಪ್ರಾಮುಖ್ಯ ಬಂದಿದೆ.

ಅಂತಹ ಪರ್ಯಾಯಗಳಲ್ಲಿ ಮುಖ್ಯವಾದುದು, ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಲೋಹ ಎರಚುವ ವಿಧಾನ. ಜ್ವಾಲೆಯಲ್ಲಿ ಕರಗಿದ ಲೋಹದ ಸೂಕ್ಷ್ಮ ಹನಿಗಳು ವೇಗವಾಗಿ ಬಂದು ವಸ್ತುವಿಗೆ ಅಪ್ಪಳಿಸಿ, ಚಪ್ಪಟೆಯಾಗಿ, ಒಂದರ ಮೇಲೊಂದು ಕೂರುತ್ತವೆ. ಹನಿಗಳು ಬಹುಮಟ್ಟಿಗೆ ಮೇಲ್ಮೈಯ ಏರುತಗ್ಗುಗಳಿಗೆ ಕಚ್ಚಿಕೊಳ್ಳುವುದರಿಂದಲೇ ನಿಲ್ಲುತ್ತವೆ. ಆದ್ದರಿಂದ ಮೊದಲು ಮೇಲ್ಮೈಯನ್ನು ಶುದ್ಧಗೊಳಿಸಿದರಷ್ಟೇ ಸಾಲದು, ಒರಟುಗೊಳಿಸಲೂ ಬೇಕು. ವಸ್ತು ಹೆಚ್ಚು ಬಿಸಿಯಾಗದ ಕಾರಣ ಡೊಂಕಾಗುವ ಭಯ ಕಡಿಮೆ.

ಮೂರನೆಯ ವಿಧಾನ ವೆಲ್ಡಿಂಗಿನಿಂದ ಗಡುಸಾದ ಲೋಹವನ್ನು ತುಂಬುವುದು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆಗಳಿವೆ. ಅಂತಹ ಕಾರ್ಖಾನೆಗಳ ಎರಕದ ಕಬ್ಬಿಣದ ಗಾಣದ ರೋಲರುಗಳು ಸವೆದು ನುಣುಪಾದಾಗ ಕಬ್ಬಿನ ಸಿಪ್ಪೆ ಜಾರತೊಡಗುತ್ತದೆ. ಆಗ ರೋಲರಿನ ಹಲ್ಲುಗಳ ಮೇಲೆ ಗಡುಸು ಲೋಹದ ಚುಕ್ಕೆಗಳನ್ನು ವೆಲ್ಡಿಂಗಿನಿಂದ ಮೂಡಿಸುತ್ತಾರೆ. ಸಿಪ್ಪೆಯನ್ನು ಕಚ್ಚಿ ಒಳಕ್ಕೆಳೆಯುವ ಶಕ್ತಿ ಇದರಿಂದ ಮರಳಿ ಬರುತ್ತದೆ. ಇದು ಕುಡುಗೋಲಿಗೂ ಬೀಸುವ ಕಲ್ಲಿಗೂ ಮಾಡುತ್ತಿದ್ದ ‘ಕಕ್ಕು ಹಾಕುವ’ ಕ್ರಿಯೆಯ ಇನ್ನೊಂದು ರೂಪ. ಅಲ್ಲಿ ಲೋಹವನ್ನೋ ಕಲ್ಲನ್ನೋ ಕಡಿದು ಒರಟುಗೊಳಿಸಿದರೆ ಇಲ್ಲಿ ಲೋಹ ಸೇರಿಸಿ ಒರಟುಗೊಳಿಸಲಾಗುತ್ತದೆ, ಉದ್ದೇಶ ಒಂದೇ.

ಪಠ್ಯಗಳ ಕನ್ನಡದಲ್ಲಿ ಈ ಎಲ್ಲ ವಿಧಾನಗಳನ್ನೂ ‘ಲೇಪನ’ ಎಂಬ ಒಂದೇ ಪದಕ್ಕೆ ವಿಶೇಷಣಗಳನ್ನು ಸೇರಿಸಿ ಹೇಳುವುದು ವಾಡಿಕೆ. ಲಿಪ್ ಧಾತುವಿನಿಂದ ಬಂದ ಲೇಪನಕ್ಕೆ ಬಳಿಯುವುದು, ಸವರುವುದು ಎಂದರ್ಥ. ಬಣ್ಣಕ್ಕೆ ಅದು ಸರಿಹೊಂದುತ್ತದೆ. ಆದರೆ ಕಲಾಯಿ ‘ಹಿಡಿಯುತ್ತದೆ’, ವಿದ್ಯುತ್ತಿನಿಂದ ಬಂದ ಕ್ರೋಮಿಯಂ ‘ಕೂರುತ್ತದೆ’, ಎರಚಿದ ಲೋಹ ‘ಕಚ್ಚಿಕೊಳ್ಳುತ್ತದೆ’, ಬಣ್ಣ ‘ಅಂಟುತ್ತದೆ’. ಪದರವು ನಿಲ್ಲುವ ಬಗೆಯೂ ಕಿತ್ತುಬರುವ ಬಗೆಯೂ ಈ ನಾಲ್ಕರಲ್ಲಿ ಬೇರೆ ಬೇರೆ. ವಿದ್ಯಾರ್ಥಿಗೆ ಲೇಪನ ಎಂಬ ಒಂದೇ ಪದವನ್ನು ಕೊಟ್ಟರೆ ಭೇದವನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ. ಈ ಕ್ರಿಯಾಪದಗಳನ್ನು ಕೊಟ್ಟರೆ ಭೇದವು ಭಾಷೆಯಲ್ಲಿಯೇ ದೊರೆಯುತ್ತದೆ. ಆಭರಣಕ್ಕೆ ‘ಚಿನ್ನದ ನೀರು ಹಾಕಿಸುವುದು’ ಎಂಬ ಜನರ ಮಾತು ಕೂಡ, ಪದರವು ದ್ರವವೊಂದರಿಂದ ಬರುತ್ತದೆಂಬುದನ್ನು ವಿದ್ಯುಲ್ಲೇಪನ ಎಂಬ ಸಮಾಸಕ್ಕಿಂತ ನೇರವಾಗಿ ತಿಳಿಸುತ್ತದೆ.

6. ಗ್ಯಾರೇಜುಗಳ ಕನ್ನಡ

ಹಳೆಯ ವೃತ್ತಿಗಳೊಂದಿಗೆ ಈ ಭಾಷಾಶಕ್ತಿಯೂ ಮುಗಿಯಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಇಂದಿನ ಗ್ಯಾರೇಜು, ಲೇತ್ ಅಂಗಡಿಗಳಲ್ಲಿ ಕೇಳಿಬರುವ ‘ವೆಲ್ಡಿಂಗ್ ಹೊಡೆಸು’, ‘ಬುಷ್ ಹಾಕಿಸು’, ‘ಬೆಂಡ್ ತೆಗೆಸು’, ‘ಬೋರ್ ಮಾಡಿಸು’ ಮುಂತಾದ ಪ್ರಯೋಗಗಳಲ್ಲಿ ನಾಮಪದ ಇಂಗ್ಲಿಷಿನದು, ಕ್ರಿಯಾಪದ ಕನ್ನಡದ್ದು. ಇವು ಮನಬಂದಂತೆ ಅದಲುಬದಲಾಗುವುದಿಲ್ಲ. ಬೆಂಡನ್ನು ‘ತೆಗೆಯ’ಬೇಕೇ ಹೊರತು ‘ಹೊಡೆಯ’ಲಾಗದು, ಬುಷ್ಷನ್ನು ‘ಹಾಕ’ಬೇಕೇ ಹೊರತು ‘ಮಾಡ’ಲಾಗದು. ತೆಗೆ ಎಂಬುದು ದೋಷನಿವಾರಣೆಯನ್ನೂ ಹಾಕು ಎಂಬುದು ಹೊಸ ಭಾಗದ ಸೇರ್ಪಡೆಯನ್ನೂ ಹೊಡೆ ಎಂಬುದು ಉಪಕರಣದ ಬಲಪ್ರಯೋಗವನ್ನೂ ಸೂಚಿಸುತ್ತವೆ. ಸಂಗ್ರಹಕಾರರು ಇಂತಹ ಮಾತನ್ನು ಮಿಶ್ರಭಾಷೆಯೆಂದು ಕೈಬಿಟ್ಟರೆ, ಕನ್ನಡದ ಕ್ರಿಯಾಪದಗಳು ಹೊಸ ತಂತ್ರಜ್ಞಾನವನ್ನು ವರ್ಗೀಕರಿಸುತ್ತಿರುವ ಜೀವಂತ ಆಧಾರವನ್ನೇ ಕೈಬಿಟ್ಟಂತಾಗುತ್ತದೆ.

7. ಸಂಗ್ರಹಕಾರ್ಯಕ್ಕೆ ಕೆಲವು ಸೂಚನೆಗಳು

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಮುಖ್ಯವಾಗಿ ಶಾಸನ ಮತ್ತು ಗ್ರಂಥಸ್ಥ ಪ್ರಯೋಗಗಳನ್ನು ಆಧರಿಸಿದ್ದು. ಕುಲುಮೆಯ ಮಾತು ಗ್ರಂಥಕ್ಕೆ ಬಂದುದು ವಿರಳವಾದ್ದರಿಂದ ಆ ಕೊರತೆಯನ್ನು ಕ್ಷೇತ್ರಕಾರ್ಯವೇ ತುಂಬಬೇಕು. ಅದಕ್ಕಾಗಿ ಈ ಕೆಳಗಿನ ಅಂಶಗಳನ್ನು ಪರಿಗಣಿಸಬಹುದು.

ಮೊದಲನೆಯದಾಗಿ, ವಸ್ತುವನ್ನು ತೋರಿಸಿ ಹೆಸರು ಕೇಳುವುದರ ಜೊತೆಗೆ, ಕೆಲಸ ನಡೆಯುತ್ತಿರುವಾಗಲೇ ಆಡುವ ಮಾತನ್ನು ದಾಖಲಿಸಬೇಕು. ಗುರು ಶಿಷ್ಯನಿಗೆ ಕೊಡುವ ಆಜ್ಞೆಗಳಲ್ಲಿ ಕ್ರಿಯಾಪದಗಳು ಸಹಜವಾಗಿ ಬರುತ್ತವೆ. ಎರಡನೆಯದಾಗಿ, ಕೆಲಸ ಕೆಟ್ಟಾಗ ಏನೆನ್ನುತ್ತಾರೆಂಬುದನ್ನು ಕೇಳಬೇಕು. ‘ಹಿಡಿಯಲಿಲ್ಲ’, ‘ಬಿಟ್ಟುಕೊಂಡಿತು’, ‘ಹದ ತಪ್ಪಿತು’ ಎಂಬ ವೈಫಲ್ಯದ ಮಾತುಗಳು ಯಶಸ್ಸಿನ ಷರತ್ತುಗಳನ್ನು ತಿಳಿಸುತ್ತವೆ. ಮೂರನೆಯದಾಗಿ, ಪ್ರತಿ ಕ್ರಿಯಾಪದದ ಕರ್ತೃ ಯಾರು, ಕರ್ಮ ಯಾವುದು, ಅದು ಯಾವ ನಾಮಪದದೊಂದಿಗೆ ಮಾತ್ರ ಬರುತ್ತದೆ ಎಂಬುದನ್ನು ಉಲ್ಲೇಖದಲ್ಲಿಯೇ ಸೇರಿಸಬೇಕು. ನಾಲ್ಕನೆಯದಾಗಿ, ಸಂಗ್ರಹಕಾರನು ಆ ವಿಧಾನದ ಭೌತಿಕ ಮತ್ತು ರಾಸಾಯನಿಕ ಹಿನ್ನೆಲೆಯನ್ನು ಮೊದಲೇ ಸ್ಥೂಲವಾಗಿಯಾದರೂ ತಿಳಿದಿರಬೇಕು. ಕಲಾಯಿ ಏಕೆ ಹಿಡಿಯುತ್ತದೆಂದು ಅರಿಯದವನಿಗೆ ‘ಹಿಡಿ’ ಎಂಬುದು ದಾಖಲಿಸಬೇಕಾದ ಪದವೆಂದೇ ತೋರುವುದಿಲ್ಲ.

ಸ್ಟೀಲು ಮತ್ತು ಅಲ್ಯೂಮಿನಿಯಂ ಪಾತ್ರೆಗಳು, ಟ್ರ್ಯಾಕ್ಟರು, ಟೈರಿನ ಗಾಡಿಗಳು ಬಂದ ಮೇಲೆ ಕಲಾಯಿಗಾರನ ಕೂಗು ಬೀದಿಗಳಲ್ಲಿ ಅಪರೂಪವಾಯಿತು. ಹಳ್ಳಿಯ ಕುಲುಮೆಗಳೂ ಕಡಿಮೆಯಾದವು. ಉಪಕರಣಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ಅವುಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಬಹುದು. ಆದರೆ ಕೆಲಸ ಮಾಡಿದವರು ಇರುವಾಗಲೇ ದಾಖಲಿಸದಿದ್ದರೆ ಕ್ರಿಯಾಪದಗಳನ್ನು ಉಪಕರಣಗಳಿಂದ ಮರಳಿ ಪಡೆಯಲಾಗುವುದಿಲ್ಲ. ತಂತ್ರಜ್ಞಾನವನ್ನು ಕನ್ನಡದಲ್ಲಿ ಬೋಧಿಸುವ ಪ್ರಯತ್ನಗಳಿಗೆ ಹೊಸ ಪದಗಳ ರಚನೆಯಷ್ಟೇ ಈ ದಾಖಲೆಯೂ ಅಗತ್ಯವಾಗಿದೆ.